ಬಾಗಿದ ಬೆನ್ನಿನ ಚರಿತ್ರೆ

ಮನುಷ್ಯನ ಬೆನ್ನು ಬಾಗಿದರೆ ಸುತ್ತಲಿನವರ ಭಾಷೆ ಬಹಳ ಬೇಗ ಕ್ರೂರವಾಗಿಬಿಡುತ್ತದೆ. ಶಿವಮೊಗ್ಗದ ಕೋಟೆಯ ಓಣಿಗಳಲ್ಲಿ ಕನ್ನಡ ಮಾತಾಡುವ ಹುಡುಗರು ಅಂಥ ಮಗುವನ್ನು 'ಗೂನ' ಎಂದು ಕೂಗುತ್ತಾರೆ. ಅದೇ ಓಣಿಯಲ್ಲಿ ಉರ್ದು ಮಾತಾಡುವ ಹುಡುಗರು 'ಕುಬಡಾ' ಎನ್ನುತ್ತಾರೆ. ಭಾಷೆ ಬೇರೆಯಾದರೂ ಏಟು ಒಂದೇ. ತಂದೆ ತಾಯಿ ಪ್ರೀತಿಯಿಂದ ಇಟ್ಟ ಹೆಸರು ಅಲ್ಲಿಗೆ ಮುಗಿದುಹೋಗುತ್ತದೆ.

ನಮ್ಮ ಪುರಾಣ ಕಥೆಗಳೂ ಈ ವಿಷಯದಲ್ಲಿ ಎರಡು ದಾರಿ ಹಿಡಿದಿವೆ. ರಾಮಾಯಣದ ಮಂಥರೆಯ ಬೆನ್ನು ಡೊಂಕು, ಮನಸ್ಸೂ ಡೊಂಕು ಎಂದು ಕೇಳುತ್ತಲೇ ನಾವೆಲ್ಲ ಬೆಳೆದಿದ್ದೇವೆ. ಆದರೆ ಭಾಗವತದಲ್ಲಿ ಮಥುರೆಯ ಕುಬ್ಜೆಯ ಕಥೆಯೂ ಇದೆ. ಕೃಷ್ಣ ಅವಳ ಪಾದಗಳನ್ನು ತನ್ನ ಪಾದದಿಂದ ಒತ್ತಿ ಹಿಡಿದು, ಗಲ್ಲದ ಕೆಳಗೆ ಎರಡು ಬೆರಳಿಟ್ಟು ಮೇಲಕ್ಕೆತ್ತುತ್ತಾನೆ. ಅವಳ ಬೆನ್ನು ನೆಟ್ಟಗಾಗುತ್ತದೆ. ಭಕ್ತರಿಗೆ ಅದು ಲೀಲೆ. ಬೆನ್ನುಮೂಳೆಯ ವೈದ್ಯಚರಿತ್ರೆ ಬರೆದ ಕೆಲವರು ಮಾತ್ರ ಈ ವರ್ಣನೆಯನ್ನು ಬೇರೊಂದು ಕುತೂಹಲದಿಂದ ನೋಡಿದ್ದಾರೆ. ಕೆಳಗೆ ಬಿಗಿಹಿಡಿದು ಮೇಲಕ್ಕೆ ಎಳೆಯುವುದೇ ಬಾಗಿದ ಬೆನ್ನಿಗೆ ಮನುಷ್ಯ ಕಂಡುಕೊಂಡ ಮೊದಲ ಉಪಾಯ. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ವೈದ್ಯರು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ.

ಈ ಚರಿತ್ರೆಯನ್ನು ಈಗ ಹೇಳಬೇಕಾದ ಕಾರಣವಿದೆ. ಹತ್ತು ವರ್ಷ ತುಂಬುವ ಮೊದಲೇ ಮಗುವಿನ ಬೆನ್ನುಮೂಳೆ ಪಕ್ಕಕ್ಕೆ ಹತ್ತು ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ವಾಲಿದರೆ ಅದನ್ನು ವೈದ್ಯರು ಎಳವೆಯ ಸ್ಕೋಲಿಯೋಸಿಸ್ ಎನ್ನುತ್ತಾರೆ. ಕೆಲವು ಮಕ್ಕಳಲ್ಲಿ ಗರ್ಭದಲ್ಲೇ ಮೂಳೆಯ ಬಿಲ್ಲೆಗಳು ಅರ್ಧಂಬರ್ಧ ರೂಪುಗೊಂಡಿರುತ್ತವೆ. ಕೆಲವರಲ್ಲಿ ನರ ಅಥವಾ ಮಾಂಸಖಂಡದ ಕಾಯಿಲೆಯಿಂದ ಬೆನ್ನಿಗೆ ಆಧಾರ ತಪ್ಪಿರುತ್ತದೆ. ಕೆಲವರಲ್ಲಿ ಅದು ಇಡೀ ದೇಹದ ಒಂದು ವಂಶವಾಹಿ ತೊಂದರೆಯ ಭಾಗ. ಇನ್ನು ಕೆಲವರಲ್ಲಿ ಕಾರಣವೇ ಸಿಗುವುದಿಲ್ಲ. ಶಾಲೆಯ ಚೀಲದ ಭಾರದಿಂದ ಹೀಗಾಯಿತು, ಬಾಣಂತಿತನದಲ್ಲಿ ಮಗುವನ್ನು ಸರಿಯಾಗಿ ಮಲಗಿಸಲಿಲ್ಲ, ಗ್ರಹಣದಲ್ಲಿ ತಾಯಿ ಹೊರಗೆ ಬಂದಳು ಎಂಬ ಮಾತುಗಳಿಗೆಲ್ಲ ಆಧಾರವಿಲ್ಲ. ಆದರೂ ನಮ್ಮ ಮನೆಗಳಲ್ಲಿ ಮೊದಲು ನಡೆಯುವುದು ತಾಯಿಯ ವಿಚಾರಣೆ, ಮಗುವಿನ ಪರೀಕ್ಷೆ ಆಮೇಲೆ.

ಗ್ರೀಸಿನ ಹಿಪೋಕ್ರೇಟಸ್ ಕ್ರಿಸ್ತಪೂರ್ವ ಐದು ಮತ್ತು ನಾಲ್ಕನೆಯ ಶತಮಾನಗಳ ನಡುವೆ ಬದುಕಿದ್ದವನು. ಅವನ ಹೆಸರಿನಲ್ಲಿರುವ ಕೀಲುಗಳ ಕುರಿತ ಗ್ರಂಥದಲ್ಲಿ ಎರಡು ವಿಧಾನಗಳ ವಿವರವಿದೆ. ಒಂದು, ರೋಗಿಯನ್ನು ಮರದ ಹಲಗೆಯ ಮೇಲೆ ಬೋರಲು ಮಲಗಿಸಿ ತಲೆ ಮತ್ತು ಕಾಲಿನ ಕಡೆಯಿಂದ ಎಳೆಯುತ್ತ ಗೂನಿನ ಮೇಲೆ ಒತ್ತುವುದು. ಇನ್ನೊಂದು, ರೋಗಿಯನ್ನು ಏಣಿಗೆ ಕಟ್ಟಿ, ಏಣಿಯನ್ನು ಎತ್ತರಕ್ಕೆತ್ತಿ ಕೆಳಕ್ಕೆ ಕುಕ್ಕುವುದು. ಎರಡನೆಯದರ ಬಗ್ಗೆ ಗ್ರಂಥಕಾರನಿಗೇ ನಂಬಿಕೆಯಿಲ್ಲ. ಜನ ಬಾಯಿಬಿಟ್ಟು ನೋಡಲೆಂದು ಕೆಲವು ವೈದ್ಯರು ಹೀಗೆ ಮಾಡುತ್ತಾರೆ, ಇದರಿಂದ ಯಾರ ಬೆನ್ನೂ ನೆಟ್ಟಗಾದದ್ದು ಕಂಡಿಲ್ಲ ಎಂಬ ಅರ್ಥದ ಮಾತು ಅಲ್ಲಿದೆ. ನಮ್ಮ ಸುಶ್ರುತ ಸಂಹಿತೆಯಲ್ಲಿ ಬೆನ್ನು, ಸೊಂಟದ ಮೂಳೆ ಮುರಿದವರನ್ನು ಹಲಗೆಯ ಮೇಲೆ ಮಲಗಿಸಿ, ಗೂಟಗಳಿಗೆ ಕಟ್ಟಿ ಅಲುಗದಂತೆ ಇಡುವ ಕಪಾಟಶಯನ ಎಂಬ ವಿಧಾನವಿದೆ. ಎರಡನೆಯ ಶತಮಾನದ ಗ್ಯಾಲೆನ್ ಬೆನ್ನಿನ ವಕ್ರತೆಗಳಿಗೆ ಹೆಸರಿಟ್ಟ. ಪಕ್ಕಕ್ಕೆ ವಾಲಿದರೆ ಸ್ಕೋಲಿಯೋಸಿಸ್, ಹಿಂದಕ್ಕೆ ಉಬ್ಬಿದರೆ ಕೈಫೋಸಿಸ್. ಆ ಹೆಸರುಗಳು ಇಂದಿಗೂ ಆಸ್ಪತ್ರೆಯ ಚೀಟಿಗಳಲ್ಲಿವೆ.

ಯುರೋಪಿನಲ್ಲಿ ಈ ಗ್ರಂಥಗಳನ್ನು ಓದುವವರು ಕಡಿಮೆಯಾದಾಗ ಅವು ಬದುಕಿದ್ದು ಅರಬಿ ಭಾಷೆಯಲ್ಲಿ. ಕಾರ್ಡೋಬಾದ ಬಳಿಯ ಅಜ್ಜಹ್ರಾವಿ (936–1013) ಬರೆದ 'ಅತ್ತಸ್‌ರೀಫ್' ಮೂವತ್ತು ಭಾಗಗಳ ಗ್ರಂಥ. ಕೊನೆಯ ಭಾಗ ಪೂರ್ತಿ ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿ ಉಪಕರಣಗಳ ಚಿತ್ರಗಳಿವೆ, ಸರಿದ ಬೆನ್ನುಮೂಳೆಯನ್ನು ಎಳೆದು ಕೂರಿಸುವ ಕ್ರಮವಿದೆ. ಇಬ್ನ್ ಸೀನಾ (980–1037) ತನ್ನ 'ಕಾನೂನ್' ಗ್ರಂಥದಲ್ಲಿ ಕತ್ತಿನ, ಎದೆಯ, ಸೊಂಟದ ಬಿಲ್ಲೆಗಳನ್ನು ಬೇರೆಬೇರೆಯಾಗಿ ವಿವರಿಸಿದ. ನಮ್ಮ ಊರುಗಳ ಯುನಾನಿ ಹಕೀಮರು ತಲೆಮಾರುಗಳಿಂದ ಗುರುವೆಂದು ಭಾವಿಸಿದ್ದು ಇವನನ್ನೇ.

ಇವರಿಗಿಂತ ಕಡಿಮೆ ಪರಿಚಿತನಾದ ಇನ್ನೊಬ್ಬನ ಹೆಸರನ್ನು ಇಲ್ಲಿ ಹೇಳಲೇಬೇಕು. ತುರ್ಕಿಯ ಅಮಾಸ್ಯ ಎಂಬ ಊರಿನ ಶರಫುದ್ದೀನ್ ಸಬುಂಜುಓಗ್ಲು 1465ರಲ್ಲಿ ಶಸ್ತ್ರಚಿಕಿತ್ಸೆಯ ಸಚಿತ್ರ ಗ್ರಂಥವೊಂದನ್ನು ಮುಗಿಸಿದ. ಅಜ್ಜಹ್ರಾವಿಯನ್ನು ಅನುಸರಿಸಿ ಬರೆದರೂ ಅವನು ಎರಡು ಹೊಸ ಕೆಲಸ ಮಾಡಿದ. ಮೊದಲನೆಯದಾಗಿ, ವೈದ್ಯ ರೋಗಿಯ ಮೇಲೆ ಹೇಗೆ ಕೈಯಿಡಬೇಕು ಎಂಬುದನ್ನು ಬಣ್ಣದ ಚಿತ್ರಗಳಲ್ಲಿ ತೋರಿಸಿದ. ಎರಡನೆಯದಾಗಿ, ವಿದ್ವಾಂಸರ ಭಾಷೆಗಳಾದ ಅರಬಿ, ಫಾರ್ಸಿಗಳನ್ನು ಬಿಟ್ಟು ತನ್ನ ಜನರ ಭಾಷೆಯಾದ ತುರ್ಕಿಯಲ್ಲಿ ಬರೆದ. ವೈದ್ಯಜ್ಞಾನ ಮನೆಮಾತಿನಲ್ಲಿ ಸಿಗಬೇಕೆಂಬ ಈ ಕಾಳಜಿ ಐನೂರು ವರ್ಷ ಹಳೆಯದು. ನಾವು ಕನ್ನಡದಲ್ಲಿ ಇಂಥ ಲೇಖನ ಬರೆಯುವಾಗ ಅವನನ್ನು ನೆನೆಯುವುದು ಸಹಜ.

ಇವರೆಲ್ಲರಿಗೂ ಒಂದು ಮಿತಿಯಿತ್ತು. ಹೊರಗಿನಿಂದ ಎಳೆಯಬಹುದಿತ್ತು, ಒತ್ತಬಹುದಿತ್ತು. ಕೈಬಿಟ್ಟೊಡನೆ ಬೆನ್ನು ಮತ್ತೆ ಬಾಗುತ್ತಿತ್ತು. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ಆಂಬ್ರೋಯ್ಸ್ ಪಾರೆ ತೂತು ಕೊರೆದು ಹಗುರ ಮಾಡಿದ ಕಬ್ಬಿಣದ ಕವಚವನ್ನು ಬಾಗಿದ ಬೆನ್ನಿನವರಿಗೆ ತೊಡಿಸಿದ. 1741ರಲ್ಲಿ ಅದೇ ದೇಶದ ನಿಕೋಲಾಸ್ ಆಂದ್ರಿ ಎಂಬ ಇಳಿವಯಸ್ಸಿನ ವೈದ್ಯ ಮಕ್ಕಳ ದೇಹದ ವಕ್ರತೆಗಳ ಬಗ್ಗೆ ಪುಸ್ತಕ ಬರೆದು, ಅದರ ಹೆಸರಿಗಾಗಿ ಎರಡು ಗ್ರೀಕ್ ಪದಗಳನ್ನು ಜೋಡಿಸಿದ. ಒಂದರ ಅರ್ಥ 'ನೆಟ್ಟಗಿನ', ಇನ್ನೊಂದರದು 'ಮಗು'. ನಾವು ಇಂದು ಆರ್ಥೊಪೆಡಿಕ್ ಎಂದು ಕರೆಯುವ ಇಡೀ ವಿಭಾಗದ ಹೆಸರು ಹುಟ್ಟಿದ್ದು ಹೀಗೆ, ಮಗುವನ್ನು ನೆಟ್ಟಗೆ ಬೆಳೆಸುವ ಆಸೆಯಿಂದ. ಡೊಂಕಾಗಿ ಬೆಳೆಯುತ್ತಿರುವ ಎಳೆಯ ಮರವನ್ನು ಗೂಟಕ್ಕೆ ಹಗ್ಗದಿಂದ ಕಟ್ಟಿರುವ ಆ ಪುಸ್ತಕದ ಚಿತ್ರ ಇಂದಿಗೂ ಮೂಳೆವೈದ್ಯರ ಲಾಂಛನ. ಅಡಿಕೆ ಸಸಿಗೆ ಆಸರೆ ಕಟ್ಟುವ ಮಲೆನಾಡಿಗರಿಗೆ ಆ ಚಿತ್ರದ ವಿವರಣೆ ಬೇಕಿಲ್ಲ. ಆದರೆ ಆಸರೆಯನ್ನು ಎಷ್ಟು ಬಿಗಿಯಾಗಿ ಕಟ್ಟಬೇಕು, ಯಾವಾಗ ಸಡಿಲಿಸಬೇಕು ಎಂಬುದು ವೈದ್ಯರಿಗೆ ತಿಳಿಯಲು ಇನ್ನೂ ಇನ್ನೂರೈವತ್ತು ವರ್ಷ ಬೇಕಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಅರಿವಳಿಕೆ ಬಂತು, 1895ರಲ್ಲಿ ಎಕ್ಸ್‌ರೇ ಬಂತು. ಚರ್ಮದ ಒಳಗಿನ ಡೊಂಕು ಮೊದಲ ಬಾರಿಗೆ ಕಣ್ಣಿಗೆ ಕಂಡಿತು. 1911ರಲ್ಲಿ ನ್ಯೂಯಾರ್ಕಿನ ರಸೆಲ್ ಹಿಬ್ಸ್ ಕ್ಷಯ ತಗುಲಿದ ಬೆನ್ನಿನ ಬಿಲ್ಲೆಗಳನ್ನು ಒಂದಕ್ಕೊಂದು ಬೆಸೆಯುವ ಶಸ್ತ್ರಚಿಕಿತ್ಸೆ ಮಾಡಿದ. ಕೆಲವೇ ವರ್ಷಗಳಲ್ಲಿ ಅದನ್ನು ಸ್ಕೋಲಿಯೋಸಿಸ್‌ಗೂ ಬಳಸಿದ. ಬಿಲ್ಲೆಗಳ ಮೇಲ್ಪದರ ಕೆರೆದು, ಮೂಳೆಯ ಚೂರುಗಳನ್ನು ಹರಡಿದರೆ ಕಾಲಕ್ರಮದಲ್ಲಿ ಅವು ಕೂಡಿ ಒಂದೇ ಮೂಳೆಯಾಗುತ್ತವೆ. ಕೂಡುವವರೆಗೆ ಮಗು ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಹಾಸಿಗೆ ಹಿಡಿಯಬೇಕಿತ್ತು. 1941ರಲ್ಲಿ ಅಮೆರಿಕದ ಮೂಳೆವೈದ್ಯರ ಸಂಘ 425 ರೋಗಿಗಳ ಫಲಿತಾಂಶ ಪರಿಶೀಲಿಸಿದಾಗ ಸಿಕ್ಕ ಚಿತ್ರ ನಿರಾಶಾದಾಯಕವಾಗಿತ್ತು. ಬಹುಪಾಲು ಜನರಲ್ಲಿ ಫಲಿತಾಂಶ ತೃಪ್ತಿಕರವಾಗಿರಲಿಲ್ಲ.

ತಿರುವು ಬಂದದ್ದು ಪೋಲಿಯೋದಿಂದ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಟೆಕ್ಸಾಸಿನ ಹ್ಯೂಸ್ಟನ್ ನಗರಕ್ಕೆ ಬಂದ ಪಾಲ್ ಹ್ಯಾರಿಂಗ್ಟನ್ ಎಂಬ ಯುವ ವೈದ್ಯನ ಮುಂದೆ ಪೋಲಿಯೋ ಬಡಿದ ಮಕ್ಕಳ ಸಾಲೇ ಇತ್ತು. ಬೆನ್ನಿನ ಸ್ನಾಯು ಸತ್ತಿದ್ದರಿಂದ ಬೆನ್ನು ಕುಸಿಯುತ್ತಿತ್ತು. ಎದೆಗೆ ಪ್ಲಾಸ್ಟರು ಬಿಗಿದರೆ ಮೊದಲೇ ಸೋತ ಉಸಿರಾಟ ನಿಂತೇಹೋಗುವ ಭಯ. ಹಾಗಾಗಿ ಆಸರೆಯನ್ನು ದೇಹದ ಒಳಗೇ ಇಡಲು ಅವನು ಯೋಚಿಸಿದ. ಸ್ಟೇನ್‌ಲೆಸ್ ಸ್ಟೀಲಿನ ಒಂದು ಸರಳು, ಮೇಲೊಂದು ಕೆಳಗೊಂದು ಕೊಕ್ಕೆ. ಲಾರಿಯ ಚಕ್ರ ಬದಲಿಸುವಾಗ ಜಾಕಿಯನ್ನು ಹಲ್ಲುಹಲ್ಲಾಗಿ ಏರಿಸುವಂತೆ ಕೊಕ್ಕೆಗಳ ನಡುವಿನ ಅಂತರ ಹೆಚ್ಚಿಸಿದರೆ ಬೆನ್ನು ನಿಗುರುತ್ತದೆ. ಸರಳನ್ನು ಮಾತ್ರ ಇಟ್ಟರೆ ಅದು ಮುರಿಯುತ್ತದೆ ಅಥವಾ ಕೊಕ್ಕೆ ಕಳಚುತ್ತದೆ ಎಂದು ಅನುಭವದಿಂದ ಕಲಿತ ಮೇಲೆ, ಸರಳಿನ ಜೊತೆಗೆ ಮೂಳೆ ಬೆಸೆಯುವುದನ್ನೂ ಸೇರಿಸಿದ. 1962ರಲ್ಲಿ ಅವನ ಲೇಖನ ಪ್ರಕಟವಾಯಿತು. ಮುಂದಿನ ಎರಡು ದಶಕ ಜಗತ್ತಿನ ಶಸ್ತ್ರವೈದ್ಯರು ಹಿಡಿದದ್ದು ಇದೇ ದಾರಿ.

ಭದ್ರಾವತಿಯ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಬೆಂಕಿಪುರ ಎಂಬ ಹಳೆಯ ಹೆಸರಿನ ನಿಮ್ಮ ಊರಿನಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿದ ಮೇಲೆ ಮೂರು ತಲೆಮಾರು ಲೋಹದ ಸ್ವಭಾವವನ್ನು ಕೈಯಿಂದ ಕಲಿತಿವೆ. ಒಂದು ಸರಳನ್ನು ಒಂದೇ ಸಲ ಬಗ್ಗಿಸಿದರೆ ಅದು ತಡೆದುಕೊಳ್ಳುತ್ತದೆ, ಸಾವಿರಾರು ಸಲ ಸ್ವಲ್ಪಸ್ವಲ್ಪವೇ ಬಗ್ಗಿಸಿದರೆ ಒಂದು ದಿನ ತಟ್ಟನೆ ಮುರಿಯುತ್ತದೆ. ಲೋಹಕ್ಕೂ ದಣಿವಿದೆ ಎನ್ನುವುದು ಕಾರ್ಖಾನೆಯಲ್ಲಿ ದುಡಿದವರಿಗೆ ಗೊತ್ತು. ಓಡುವ, ಆಡುವ ಮಗುವಿನ ಬೆನ್ನಿನಲ್ಲಿಟ್ಟ ಸರಳಿಗೂ ಇದೇ ಗತಿ. ಹ್ಯಾರಿಂಗ್ಟನ್ ಕಾಲದ ಉಕ್ಕಿನಿಂದ ಇಂದಿನ ಟೈಟಾನಿಯಂವರೆಗೆ ಶಸ್ತ್ರವೈದ್ಯರನ್ನು ಕಾಡಿದ್ದು ಈ ದಣಿವೇ.

ಲೋಹಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಹದಿನೈದು ವರ್ಷದ ಹುಡುಗಿಯ ಬೆನ್ನನ್ನು ನೇರ ಮಾಡಿ ಬೆಸೆದರೆ ನಷ್ಟ ಕಡಿಮೆ, ಅವಳ ಬೆಳವಣಿಗೆ ಬಹುತೇಕ ಮುಗಿದಿರುತ್ತದೆ. ಮೂರು ವರ್ಷದ ಮಗುವಿನ ಬೆನ್ನನ್ನು ಬೆಸೆದರೆ? ಬೆಸೆದ ಮೂಳೆ ಮತ್ತೆ ಬೆಳೆಯುವುದಿಲ್ಲ. ಫ್ರಾನ್ಸಿನ ಅಲೆನ್ ದಿಮೆಗ್ಲಿಯೊ ವರ್ಷಗಟ್ಟಲೆ ಮಕ್ಕಳನ್ನು ಅಳೆದು ತೋರಿಸಿದ ಲೆಕ್ಕ ಹೀಗಿದೆ: ಎದೆ ಮತ್ತು ಸೊಂಟದ ಭಾಗದ ಬೆನ್ನುಮೂಳೆ ಮೊದಲ ಐದು ವರ್ಷಗಳಲ್ಲಿ ಸುಮಾರು 10 ಸೆಂಟಿಮೀಟರ್ ಬೆಳೆಯುತ್ತದೆ, ಐದರಿಂದ ಹತ್ತರವರೆಗೆ ಸುಮಾರು 5, ಆಮೇಲೆ ಬೆಳವಣಿಗೆ ನಿಲ್ಲುವವರೆಗೆ ಮತ್ತೆ ಸುಮಾರು 10. ಐದನೆಯ ವಯಸ್ಸಿನಲ್ಲಿ ಎದೆಗೂಡಿನ ಒಳಜಾಗ ದೊಡ್ಡವರದಕ್ಕೆ ಹೋಲಿಸಿದರೆ ಮೂರನೆಯ ಒಂದು ಭಾಗದಷ್ಟೂ ಇರುವುದಿಲ್ಲ. ಪುಪ್ಪುಸದ ಗಾಳಿಗೂಡುಗಳು ಹೆಚ್ಚುವುದೂ ಈ ಎಳೆಯ ವರ್ಷಗಳಲ್ಲೇ. ಬೆನ್ನು ನಿಂತರೆ ಎದೆ ನಿಲ್ಲುತ್ತದೆ, ಎದೆ ನಿಂತರೆ ಉಸಿರು ಸಾಲದಾಗುತ್ತದೆ.

ಇದು ಬರಿಯ ತರ್ಕವಲ್ಲ. ಚಿಕಿತ್ಸೆಯಿಲ್ಲದೆ ಬದುಕಿದವರನ್ನು ದೀರ್ಘಕಾಲ ಗಮನಿಸಿ ಸ್ವೀಡನ್ನಿನ ವೈದ್ಯರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಅಂಶ ಎದ್ದುಕಂಡಿತು. ಹದಿಹರೆಯದಲ್ಲಿ ಬೆನ್ನು ಬಾಗಿದವರ ಆಯುಷ್ಯಕ್ಕೆ ಹೆಚ್ಚಿನ ತೊಂದರೆಯಾಗಿರಲಿಲ್ಲ, ಎಳವೆಯಲ್ಲೇ ಬಾಗಿದವರು ಮಾತ್ರ ಬೇಗ ಸಾಯುತ್ತಿದ್ದರು. ಹಾಗೆಂದು ಎಳವೆಯಲ್ಲೇ ಬೆಸೆದುಬಿಟ್ಟರೆ? ಅಮೆರಿಕದ ಲೋರಿ ಕ್ಯಾರೊಲ್ ಮತ್ತು ಸಂಗಡಿಗರು 2008ರಲ್ಲಿ ಅಂಥ ಮಕ್ಕಳನ್ನು ಮತ್ತೆ ಕರೆದು ಪರೀಕ್ಷಿಸಿದರು. ಎದೆಭಾಗದ ಬೆನ್ನಿನ ಎತ್ತರ 18 ಸೆಂಟಿಮೀಟರಿಗಿಂತ ಕಡಿಮೆ ಉಳಿದವರಲ್ಲಿ ಉಸಿರಾಟದ ತೀವ್ರ ಕೊರತೆ ಹೆಚ್ಚಾಗಿ ಕಂಡಿತು. ಬಿಟ್ಟರೆ ಒಂದು ಅಪಾಯ, ಬೆಸೆದರೆ ಇನ್ನೊಂದು. ಬೆನ್ನು ನೇರವಾಗಿ, ಮಗು ಗಿಡ್ಡವಾಗಿ, ಏದುಸಿರಿನಲ್ಲಿ ಬದುಕುವುದನ್ನು ಗೆಲುವು ಎನ್ನಲಾದೀತೆ?

ಶಸ್ತ್ರವೈದ್ಯರ ಪ್ರಶ್ನೆಯೇ ಇಲ್ಲಿಂದ ಬದಲಾಯಿತು. ಬೆನ್ನನ್ನು ನೆಟ್ಟಗೆ ಮಾಡುವುದು ಹೇಗೆ ಎಂಬುದರ ಬದಲು, ಡೊಂಕನ್ನು ತಡೆಯುತ್ತಲೇ ಬೆಳೆಯಲು ಬಿಡುವುದು ಹೇಗೆ ಎಂದು ಕೇಳತೊಡಗಿದರು. ಮಿನೆಸೊಟಾದ ಜಾನ್ ಮೋ ಮೂಳೆ ಬೆಸೆಯದೆ ಚರ್ಮದಡಿ ಸರಳು ಇಟ್ಟು, ಮಗು ಬೆಳೆದಂತೆ ಅದನ್ನು ಉದ್ದ ಮಾಡಿದ. ಮೆಕ್ಸಿಕೋದ ಎಡ್ವರ್ಡೊ ಲೂಕೆ ಬೇರೆ ದಾರಿ ಹುಡುಕಿದ. ಬಿಸಿಲ ನಾಡಿನಲ್ಲಿ ತಿಂಗಳುಗಟ್ಟಲೆ ಪ್ಲಾಸ್ಟರು ತೊಡಿಸುವುದು ಆಗದ ಮಾತು. ಅದಕ್ಕಾಗಿ ಪ್ರತಿ ಬಿಲ್ಲೆಯನ್ನೂ ತಂತಿಯಿಂದ ಸರಳಿಗೆ ಕಟ್ಟಿ, ಹೊರಗಿನ ಆಸರೆಯೇ ಬೇಡವಾಗುವಂತೆ ಮಾಡಿದ. ಇರಾನ್ ಮೂಲದ ಬೆಹ್ರೂಜ್ ಅಕ್ಬರ್ನಿಯಾ ಅಮೆರಿಕದಲ್ಲಿ ಒಂದರ ಬದಲು ಎರಡು ಸರಳು ಇಡುವ ಕ್ರಮವನ್ನು ಬೆಳೆಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದ. ಮೇಲೆ ಎರಡು, ಕೆಳಗೆ ಎರಡು ಬಿಲ್ಲೆಗಳಿಗಷ್ಟೇ ಬಿಗಿದು ನಡುವಿನದನ್ನು ಬೆಳೆಯಲು ಬಿಡುವ ಈ ಸರಳುಗಳನ್ನು ಸುಮಾರು ಆರು ತಿಂಗಳಿಗೊಮ್ಮೆ ಉದ್ದ ಮಾಡಬೇಕು. ಸ್ಯಾನ್ ಆಂಟೋನಿಯೊದ ರಾಬರ್ಟ್ ಕ್ಯಾಂಪ್‌ಬೆಲ್ ಪಕ್ಕೆಲುಬುಗಳ ನಡುವೆಯೇ ಹಿಗ್ಗುವ ಸಾಧನವಿಟ್ಟು ಎದೆಗೂಡನ್ನು ಅಗಲಿಸಿದ. ಅದಕ್ಕೆ 2004ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು.

ತಂದೆ ತಾಯಿ ಕೇಳುವ ಮೊದಲ ಪ್ರಶ್ನೆ ಒಂದೇ: 'ಕಾಲು ಹೋಗಿಬಿಡುತ್ತದೆಯೇ ಸಾರ್?' ಭಯ ಸುಳ್ಳಲ್ಲ. ಬೆನ್ನುಹುರಿ ಹಾದುಹೋಗುವ ದಾರಿಯಲ್ಲೇ ಈ ಕೆಲಸ. 1973ರಲ್ಲಿ ಫ್ರಾನ್ಸಿನ ಸ್ಟಾನ್ಯಾರ ಮತ್ತು ಸಂಗಡಿಗರು ಒಂದು ಸರಳ ಉಪಾಯ ವರದಿ ಮಾಡಿದರು. ಶಸ್ತ್ರಚಿಕಿತ್ಸೆಯ ನಡುವೆಯೇ ಅರಿವಳಿಕೆ ಇಳಿಸಿ, ರೋಗಿಗೆ ಕಾಲ್ಬೆರಳು ಆಡಿಸಲು ಹೇಳುವುದು. ಬೆರಳು ಆಡಿದರೆ ಮುಂದುವರಿಯುವುದು, ಆಡದಿದ್ದರೆ ತಕ್ಷಣ ಎಳೆತ ಸಡಿಲಿಸುವುದು. ಆಮೇಲೆ ವಿದ್ಯುತ್ ಸಂಕೇತಗಳಿಂದ ಬೆನ್ನುಹುರಿಯನ್ನು ಉದ್ದಕ್ಕೂ ಗಮನಿಸುವ ಯಂತ್ರಗಳು ಬಂದವು. ಅಪಾಯ ಪೂರ್ತಿ ಹೋಗಿಲ್ಲ, ಬಹಳ ಕಡಿಮೆಯಾಗಿದೆ. ಭಯದಿಂದ ಚಿಕಿತ್ಸೆಯನ್ನೇ ಬಿಡುವ ತಂದೆ ತಾಯಿ ಈ ಮಾತನ್ನೂ ತೂಗಬೇಕು.

ಇನ್ನು ಲೆಕ್ಕ ಹಾಕೋಣ. ನಾಲ್ಕನೆಯ ವರ್ಷದಲ್ಲಿ ಸರಳು ಇಟ್ಟು ಹತ್ತನೆಯ ವರ್ಷದವರೆಗೆ ಆರು ತಿಂಗಳಿಗೊಮ್ಮೆ ಉದ್ದ ಮಾಡಿದರೆ ಒಂದು ಮಗುವಿಗೆ ಹನ್ನೆರಡರಷ್ಟು ಶಸ್ತ್ರಚಿಕಿತ್ಸೆ. 2010ರಲ್ಲಿ ಪ್ರಕಟವಾದ, 140 ಮಕ್ಕಳನ್ನು ಕುರಿತ ಅಧ್ಯಯನದಲ್ಲಿ 58 ಶೇಕಡಾ ಮಕ್ಕಳಿಗೆ ಕನಿಷ್ಠ ಒಂದಾದರೂ ತೊಡಕು ಬಂದಿತ್ತು. ಸರಳು ಮುರಿಯುವುದು, ಕೊಕ್ಕೆ ಕಳಚುವುದು, ಗಾಯ ಕೀವಾಗುವುದು. ಪ್ರತಿ ಹೆಚ್ಚಿನ ಶಸ್ತ್ರಚಿಕಿತ್ಸೆಯೂ ತೊಡಕಿನ ಸಂಭವವನ್ನು 24 ಶೇಕಡಾ ಏರಿಸುತ್ತಿತ್ತು. ಈ ಅಂಕಿಗಳ ಮೇಲೆ ನಮ್ಮ ಊರಿನ ಲೆಕ್ಕವನ್ನೂ ಸೇರಿಸಿ. ಕೋಟೆಯಿಂದ ಬೆಂಗಳೂರಿಗೆ ಸುಮಾರು 300 ಕಿಲೋಮೀಟರು. ಪ್ರತಿ ಸಲ ತಂದೆಯ ಕೂಲಿ ಹೋಗುತ್ತದೆ, ತಾಯಿ ಕಟ್ಟುವ ಬೀಡಿ ನಿಲ್ಲುತ್ತದೆ, ಉಳಿದ ಮಕ್ಕಳು ಚಿಕ್ಕಪ್ಪನ ಮನೆ ಸೇರುತ್ತಾರೆ. ಮೂರನೆಯ ಸಲಕ್ಕೆ ಕೈ ಬರಿದಾಗಿ, 'ಈ ಸಲ ಬೇಡ, ಬಕ್ರೀದ್ ಮುಗಿಯಲಿ, ಸುಗ್ಗಿ ಮುಗಿಯಲಿ' ಎಂದು ಮುಂದೂಡುವ ಮನೆಗಳು ಎಲ್ಲ ಜಾತಿ ಮತಗಳಲ್ಲೂ ಇವೆ. ಬೆಳೆಯುವ ಮಗುವಿನ ಒಳಗಿನ ಸರಳು ಸುಗ್ಗಿಗಾಗಿ ಕಾಯುವುದಿಲ್ಲ.

ಈ ಕಷ್ಟ ನೋಡಿಯೇ ಹಾಂಗ್‌ಕಾಂಗಿನ ವೈದ್ಯರು ಅಯಸ್ಕಾಂತದ ಸರಳನ್ನು ಪ್ರಯತ್ನಿಸಿದರು. ಮಗುವಿನ ಬೆನ್ನ ಮೇಲೆ ಹೊರಗಿನಿಂದ ಅಯಸ್ಕಾಂತದ ಯಂತ್ರ ಹಿಡಿದರೆ ಒಳಗಿನ ಸರಳು ಕೊಂಚಕೊಂಚ ಉದ್ದವಾಗುತ್ತದೆ. ಕೊಯ್ಯಬೇಕಿಲ್ಲ, ಅರಿವಳಿಕೆ ಬೇಕಿಲ್ಲ. 2012ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದರ ಮೊದಲ ವರದಿ ಬಂತು, 2014ರಲ್ಲಿ ಅಮೆರಿಕ ಒಪ್ಪಿತು. ಆದರೆ ಸರಳಿನ ಒಳಭಾಗಗಳು ಸವೆದು ಲೋಹದ ಪುಡಿ ಸುತ್ತಲಿನ ಮಾಂಸಕ್ಕೆ ಸೇರುವುದು ಕಂಡು ಬ್ರಿಟನ್ 2020ರಲ್ಲಿ ಅದರ ಪೂರೈಕೆಯನ್ನು ತಡೆಹಿಡಿಯಿತು. ಈ ಚರಿತ್ರೆಯಲ್ಲಿ ಕೊನೆಯ ಮಾತು ಯಾರೂ ಹೇಳಿಲ್ಲ.

ಶಸ್ತ್ರಕ್ಕಿಂತ ಮೊದಲಿನ ಒಂದು ಬಾಗಿಲೂ ಇದೆ. ಇಂಗ್ಲೆಂಡಿನ ಸ್ಟ್ಯಾನ್‌ಮೋರಿನ ಆಸ್ಪತ್ರೆಯಲ್ಲಿ ದುಡಿದ ಮಿನ್ ಮೆಹ್ತಾ ಎಂಬ ವೈದ್ಯೆ 1972ರಲ್ಲಿ, ಎಳೆಯ ಮಗುವಿನ ಡೊಂಕು ತಾನೇ ಸರಿಹೋಗುವುದೋ ಬೆಳೆಯುವುದೋ ಎಂಬುದನ್ನು ಪಕ್ಕೆಲುಬಿನ ಕೋನ ಅಳೆದು ಊಹಿಸುವ ಕ್ರಮ ತಿಳಿಸಿದಳು. 2005ರಲ್ಲಿ 136 ಮಕ್ಕಳ ಚಿಕಿತ್ಸೆಯ ಫಲ ಪ್ರಕಟಿಸಿದಳು. ಅರಿವಳಿಕೆಯಲ್ಲಿ ಮೈಗೆ ಪ್ಲಾಸ್ಟರಿನ ಕವಚ ಹಾಕಿ, ಮಗು ಬೆಳೆದಂತೆ ಬದಲಿಸುತ್ತ ಹೋಗುವುದಷ್ಟೇ ಅವಳ ಕ್ರಮ. ಸರಾಸರಿ ಒಂದು ವರ್ಷ ಏಳು ತಿಂಗಳ ವಯಸ್ಸಿನಲ್ಲಿ ಬಂದ 94 ಮಕ್ಕಳ ಡೊಂಕು ಪೂರ್ತಿ ಹೋಯಿತು. ಆಗ ಅವರ ಡೊಂಕು ಸರಾಸರಿ 32 ಡಿಗ್ರಿ ಇತ್ತು. ಸರಾಸರಿ ಎರಡೂವರೆ ವರ್ಷಕ್ಕೆ ಬಂದ 42 ಮಕ್ಕಳ ಡೊಂಕು ಅಷ್ಟರಲ್ಲಿ 52 ಡಿಗ್ರಿಗೆ ಏರಿತ್ತು. ಅವರಲ್ಲಿ ಅದನ್ನು ತಗ್ಗಿಸಲಾಯಿತೇ ಹೊರತು ಹೋಗಲಾಡಿಸಲಾಗಲಿಲ್ಲ. ಎರಡು ಗುಂಪುಗಳ ನಡುವೆ ವಯಸ್ಸಿನ ಅಂತರ ಹನ್ನೊಂದು ತಿಂಗಳು. ಆಂದ್ರಿಯ ಮರದ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವಿಲ್ಲ. ಬೆಳವಣಿಗೆ ರೋಗದ ಕಡೆಗೂ ಎಳೆಯಬಹುದು, ಮದ್ದಿನ ಕಡೆಗೂ ಎಳೆಯಬಹುದು.

ನಮ್ಮ ದೇಶದಲ್ಲಿ ಮಕ್ಕಳ ಬೆನ್ನು ಬಾಗಲು ಬಹುಕಾಲ ದೊಡ್ಡ ಕಾರಣಗಳಾಗಿದ್ದವು ಕ್ಷಯ ಮತ್ತು ಪೋಲಿಯೋ. ಕ್ಷಯಕ್ಕೆ ಔಷಧಿ ಬಂದ ಮೇಲೂ, ರೋಗ ವಾಸಿಯಾದ ಎಷ್ಟೋ ವರ್ಷಕ್ಕೆ ಕೆಲವು ಮಕ್ಕಳ ಗೂನು ಬೆಳೆಯುತ್ತಲೇ ಹೋಗುತ್ತಿತ್ತು. ಯಾವ ಮಗುವಿನಲ್ಲಿ ಹೀಗಾಗುತ್ತದೆ ಎಂಬುದನ್ನು ಎಕ್ಸ್‌ರೇಯಲ್ಲೇ ಮೊದಲು ಗುರುತಿಸುವ ಚಿಹ್ನೆಗಳನ್ನು ಕೊಯಮತ್ತೂರಿನ ಎಸ್. ರಾಜಶೇಖರನ್ 2001ರಲ್ಲಿ ಪ್ರಕಟಿಸಿದರು. ಜಗತ್ತಿನ ವೈದ್ಯರು ಅದನ್ನು ಬಳಸುತ್ತಾರೆ. ನೈಸರ್ಗಿಕ ಪೋಲಿಯೋ ವೈರಾಣುವಿನ ಕೊನೆಯ ಪ್ರಕರಣ ದೇಶದಲ್ಲಿ ಕಂಡದ್ದು 2011ರ ಜನವರಿಯಲ್ಲಿ. ಹ್ಯಾರಿಂಗ್ಟನ್ ಉಕ್ಕಿನಿಂದ ಎದುರಿಸಿದ ಶತ್ರುವನ್ನು ನಾವು ಎರಡು ಹನಿ ಲಸಿಕೆಯಿಂದ ಸೋಲಿಸಿದೆವು. ಮನೆಮನೆಗೆ ನಡೆದ ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಎಷ್ಟೋ ಸಾವಿರ ಶಸ್ತ್ರಚಿಕಿತ್ಸೆಗಳನ್ನು ಅನಗತ್ಯ ಮಾಡಿದ್ದಾರೆ ಎಂಬುದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ನಮ್ಮ ಜಿಲ್ಲೆಯಲ್ಲೇ ಮೂಳೆಯ ಒಂದು ಚರಿತ್ರೆ ಇದೆ. ಸೊರಬ ತಾಲ್ಲೂಕಿನ ಕ್ಯಾಸನೂರು 1957ರಲ್ಲಿ ಮಂಗನ ಕಾಯಿಲೆಗೆ ತನ್ನ ಹೆಸರು ಕೊಟ್ಟಿತು. 1970ರ ದಶಕದ ನಡುವೆ ಸಾಗರ ತಾಲ್ಲೂಕಿನ ಹಂದಿಗೋಡು ಇನ್ನೊಂದು ಕಾಯಿಲೆಗೆ ಹೆಸರಾಯಿತು. ಚಲವಾದಿ, ಚನಂಗಿ ಸಮುದಾಯಗಳ ಬಡ ಕೂಲಿಕಾರರ ಕುಟುಂಬಗಳಲ್ಲಿ ಸೊಂಟ, ಮಂಡಿಯ ಕೀಲುಗಳು ನೋಯುತ್ತ ಸವೆಯುತ್ತಿದ್ದವು. ಕೆಲವರು ಗಿಡ್ಡವಾಗಿ ಉಳಿಯುತ್ತಿದ್ದರು. ನಡೆಯಲಾಗದೆ ತೆವಳುವ ಸ್ಥಿತಿ ಬರುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಸಂಶೋಧಕರು 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತ ಎಂದು ಬಣ್ಣಿಸಿದರು. ಗದ್ದೆಗೆ ಹೊಡೆದ ಕೀಟನಾಶಕ, ಆ ಗದ್ದೆಯ ಏಡಿ ಕಾರಣವಿರಬಹುದೆಂಬ ಗುಮಾನಿಯೂ ಎದ್ದಿತು. ಮುಂದಿನ ಅಧ್ಯಯನಗಳು ಇದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿಯುವ, ಬೆನ್ನಿನ ಬಿಲ್ಲೆ ಮತ್ತು ಉದ್ದಮೂಳೆಗಳ ತುದಿ ಸರಿಯಾಗಿ ಬೆಳೆಯದ ತೊಂದರೆ ಎಂದು ತಿಳಿಸಿದವು. 1997ರಲ್ಲಿ ದಕ್ಷಿಣ ಆಫ್ರಿಕಾದ ಮ್ಸೆಲೆನಿ ಎಂಬಲ್ಲಿನ ಇಂಥದೇ ಕಾಯಿಲೆಯ ಜೊತೆ ಇದನ್ನು ಹೋಲಿಸಿದ ಲೇಖನವೂ ಬಂತು.

ಹಂದಿಗೋಡಿನ ಕಾಯಿಲೆ ಮುಖ್ಯವಾಗಿ ಬಾಧಿಸುವುದು ಸೊಂಟವನ್ನು, ಅದು ಸ್ಕೋಲಿಯೋಸಿಸ್ ಅಲ್ಲ. ಆದರೂ ಬೆಳೆಯುವ ಮಗುವಿನ ಮೂಳೆಯ ಕಥೆಯಾಗಿ ಎರಡೂ ಒಂದೇ ವಂಶದವು. ಕಲಿಯಬೇಕಾದ ಪಾಠವೂ ಒಂದೇ. ಮೊದಲು ಬಡವರ ಊಟದ ಮೇಲೆ ಅನುಮಾನ ಬಂತು, ಆಮೇಲೆ ರಕ್ತದಲ್ಲಿ ಉತ್ತರ ಸಿಕ್ಕಿತು. ಆದರೆ ಕಾರಣ ತಿಳಿದ ಮಾತ್ರಕ್ಕೆ ಯಾರ ಸೊಂಟವೂ ನೆಟ್ಟಗಾಗಲಿಲ್ಲ. ನೋವು ತಗ್ಗಿಸುವ ಮಾತ್ರೆ, ವ್ಯಾಯಾಮ, ಸವೆದ ಕೀಲನ್ನು ಬದಲಿಸುವ ಶಸ್ತ್ರಚಿಕಿತ್ಸೆ, ದುಡಿಯಲಾಗದವರಿಗೆ ಮಾಸಾಶನ. ಇವೆಲ್ಲ ಬಾಗಿಲಿಗೆ ತಲುಪದಿದ್ದರೆ ಊರಿನ ಹೆಸರು ವೈದ್ಯಪುಸ್ತಕದಲ್ಲಿ ಅಚ್ಚಾಗಿ ಏನು ಬಂತು?

ಸರ್ಕಾರಿ ಯೋಜನೆಗಳಿಲ್ಲವೆಂದಲ್ಲ. 2003ರ ಯಶಸ್ವಿನಿ, 2010ರ ವಾಜಪೇಯಿ ಆರೋಗ್ಯಶ್ರೀ, 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ದೊಡ್ಡ ಶಸ್ತ್ರಚಿಕಿತ್ಸೆಯ ಖರ್ಚಿಗೆ ದಾರಿ ತೆರೆದವು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅಂಗನವಾಡಿ ಮತ್ತು ಶಾಲೆಗಳಲ್ಲೇ ಪರೀಕ್ಷಿಸಲು ಹೊರಟಿತು. ಅದರ ಮೂಲ ಪಟ್ಟಿಯ ಮೂವತ್ತು ತೊಂದರೆಗಳಲ್ಲಿ ಡೊಂಕು ಪಾದವಿದೆ, ಸರಿದ ಸೊಂಟವಿದೆ. ಬಾಗಿದ ಬೆನ್ನಿಗೆ ಪ್ರತ್ಯೇಕ ಸಾಲಿರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದನ್ನು ಅವಸರದ ಕಣ್ಣು ನೋಡುವುದಿಲ್ಲ.

ಹಾಗಾಗಿ ನೋಡುವ ಕೆಲಸ ನಮ್ಮದೂ ಹೌದು. ಅದಕ್ಕೆ ಯಂತ್ರ ಬೇಕಿಲ್ಲ. 1865ರಲ್ಲಿ ಲಂಡನ್ನಿನ ವಿಲಿಯಂ ಆಡಮ್ಸ್ ಹೇಳಿದ ಪರೀಕ್ಷೆ ಇಂದಿಗೂ ಎಲ್ಲೆಡೆ ಚಾಲ್ತಿಯಲ್ಲಿದೆ. ಮಗುವಿನ ಮೇಲಂಗಿ ತೆಗೆಸಿ, ಮಂಡಿ ಬಾಗಿಸದೆ ಮುಂದಕ್ಕೆ ಬಗ್ಗಿಸಿ, ಹಿಂದಿನಿಂದ ನೋಡಬೇಕು. ಬೆನ್ನಿನ ಒಂದು ಪಕ್ಕ ಇನ್ನೊಂದಕ್ಕಿಂತ ಉಬ್ಬಿದ್ದರೆ ವೈದ್ಯರಿಗೆ ತೋರಿಸಬೇಕು. ನಮಾಜು ಕಲಿಯುವ ಮಗು ದಿನಕ್ಕೆ ಎಷ್ಟೋ ಸಲ ರುಕೂವಿನಲ್ಲಿ ಬಗ್ಗುತ್ತದೆ. ಆಡಮ್ಸ್ ಹೇಳಿದ ಭಂಗಿಗೂ ಅದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಸೂರ್ಯನಮಸ್ಕಾರ ಕಲಿಯುವ ಮಗುವೂ ಹಾಗೆಯೇ ಬಗ್ಗುತ್ತದೆ. ಕಲಿಸುವ ಹಜರತ್, ಮೇಷ್ಟ್ರು, ಅಮ್ಮಿ, ಅಮ್ಮ ಯಾರೇ ಆಗಲಿ, ಒಂದು ಸಲ ಬೆನ್ನನ್ನೂ ನೋಡಲಿ. ಹಬ್ಬದ ಬಟ್ಟೆಗೆ ಅಳತೆ ತೆಗೆಯುವ ದರ್ಜಿಗೆ ಒಂದು ಹೆಗಲು ಮೇಲೆ, ಒಂದು ಕೆಳಗೆ ಇರುವುದು ಎಷ್ಟೋ ಸಲ ಮೊದಲೇ ಗೊತ್ತಾಗುತ್ತದೆ. ಅವನು ತೋಳಿನ ಉದ್ದ ಸರಿಹೊಂದಿಸಿ ಸುಮ್ಮನಾಗದೆ ಮನೆಯವರಿಗೆ ಒಂದು ಮಾತು ಹೇಳಿದರೆ ಅದು ದೊಡ್ಡ ಉಪಕಾರ.

ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಇನ್ನೂ ಒತ್ತಿ ಹೇಳಬೇಕಾಗಿದೆ. ಮದುವೆಗೆ ತೊಡಕಾದೀತೆಂದು ಅವರ ಬೆನ್ನನ್ನು ದುಪಟ್ಟಾದ ಅಡಿ, ಸೆರಗಿನ ಅಡಿ ಮುಚ್ಚಿಡುವ ಮನೆಗಳನ್ನು ನಾವು ಬಲ್ಲೆವು. ಹರಕೆ, ತಾಯಿತ, ಎಣ್ಣೆ ತಿಕ್ಕುವುದು, ಮೂಳೆ ಎಳೆಯುವುದು ಎಂದು ವರ್ಷಗಳು ಕಳೆಯುತ್ತವೆ. ದುವಾ ಮಾಡುವುದನ್ನು, ಹರಕೆ ಹೊರುವುದನ್ನು ಯಾರೂ ಬೇಡವೆನ್ನುವುದಿಲ್ಲ. ಆದರೆ ಅದರ ಜೊತೆಯಲ್ಲೇ ಒಂದು ಎಕ್ಸ್‌ರೇ ತೆಗೆಸಲು ಅಡ್ಡಿಯೇನು? ಎಲ್ಲ ಡೊಂಕಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಎಷ್ಟೋ ಮಕ್ಕಳನ್ನು ಆಗಾಗ ನೋಡುತ್ತಿದ್ದರೆ ಸಾಕು, ಕೆಲವರಿಗೆ ಪ್ಲಾಸ್ಟರು ಅಥವಾ ಪಟ್ಟಿ ಸಾಕು. ಯಾವುದು ಯಾರಿಗೆ ಎಂದು ತಿಳಿಯಲು ಮಗು ವೈದ್ಯರ ಮುಂದೆ ಹೋಗಲೇಬೇಕು, ಅದೂ ಚಿಕ್ಕದಿರುವಾಗಲೇ.

ಹಿಪೋಕ್ರೇಟಸನ ಏಣಿಯಿಂದ ಅಯಸ್ಕಾಂತದ ಸರಳಿನವರೆಗೆ ಬಂದ ಈ ದಾರಿಯಲ್ಲಿ ಉಪಕರಣಗಳು ಬದಲಾದವು, ಲೋಹಗಳು ಬದಲಾದವು. ಕೊನೆಗೆ ವೈದ್ಯರು ಕಲಿತದ್ದು, ಮಗು ಎಂದರೆ ಚಿಕ್ಕ ಗಾತ್ರದ ದೊಡ್ಡವರಲ್ಲ, ಅದು ಬೆಳೆಯುತ್ತಿರುವ ಜೀವ ಎಂಬುದನ್ನು. ಆ ಬೆಳವಣಿಗೆಯ ವರ್ಷಗಳು ಕೋಟೆಯ ಮಗುವಿಗೂ ಹಂದಿಗೋಡಿನ ಮಗುವಿಗೂ ಬೆಂಗಳೂರಿನ ಸಿರಿವಂತರ ಮಗುವಿಗೂ ಅಷ್ಟೇ ಇವೆ. ಅವನ್ನು ಕಾಯಿಸಿ ಕಳೆಯುವುದು ಅಥವಾ ಉಳಿಸಿಕೊಡುವುದು ದೊಡ್ಡವರಾದ ನಮ್ಮ ಕೈಯಲ್ಲಿದೆ.